ಮಳೆ ಹಿಡಿಯುವ ಮೊದಲೇ ಮಾತಾಡಿಕೊಳ್ಳೋಣ

(ಮೇ ಕೊನೆಯ ವಾರ ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿ ಬೆಳೆಗಾರರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭೆಯನ್ನು ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಇಟ್ಟುಕೊಳ್ಳೋಣ ಎಂದು ಸಂಘಟಕರು ಮೊದಲು ಹೇಳಿದ್ದರು. ನಾನೇ ಬೇಡ ಅಂದೆ. ಅಷ್ಟು ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಜೂನ್, ಜುಲೈ, ಆಗಸ್ಟ್ ಮುಗಿದು ಹೋಗಿರುತ್ತದೆ. ನನ್ನ ಹತ್ತಿರ ಬರುವವರಲ್ಲಿ ಸುಮಾರು ಜನ ಮಾತು ಶುರುಮಾಡುವುದೇ ಹೀಗೆ: "ಮಳೆಗಾಲದಲ್ಲಿ ಶುರುವಾಯ್ತು ಮೇಡಂ, ಮಳೆ ನಿಂತರೆ ಸರಿಹೋಗುತ್ತೆ ಅಂದುಕೊಂಡೆವು." ಮಳೆ ನಿಲ್ಲುತ್ತದೆ. ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಆಗುತ್ತದೆ, ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ, ಕಾಫಿ ಕೊಯ್ಲು ಶುರುವಾಗುತ್ತದೆ. ಇವರು ಮಾತ್ರ ಸರಿಹೋಗಿರುವುದಿಲ್ಲ. ಮನೆಯವರು ಕರೆದುಕೊಂಡು ಬರುವ ಹೊತ್ತಿಗೆ ಆರು ತಿಂಗಳು ದಾಟಿರುತ್ತದೆ. ಅದಕ್ಕೇ ಮಳೆಗೆ ಮೊದಲೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ನಾನು ಡಾಕ್ಟರ್ ಅಲ್ಲ, ಆಪ್ತಸಮಾಲೋಚಕಿ. ಮಾತ್ರೆ ಬರೆಯುವುದಿಲ್ಲ. ಕೂತು ಕೇಳುವುದು, ದಾರಿ ಹುಡುಕಲು ಜೊತೆಗಿರುವುದು, ಬೇಕಾದಾಗ ಮನೋವೈದ್ಯರ ಹತ್ತಿರ ಕಳಿಸುವುದು ನನ್ನ ಕೆಲಸ. ಇವತ್ತು ಹೇಳುವ ಉದಾಹರಣೆಗಳಲ್ಲಿ ಊರು, ವಯಸ್ಸು, ಮನೆ ಎಲ್ಲ ಬದಲಾಯಿಸಿದ್ದೇನೆ. ಯಾರದೆಂದು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ನಮ್ಮ ವರ್ಷ ಹೇಗಿರುತ್ತದೆ ಎಂದು ಒಂದು ಸಲ ನೋಡಿ. ಏಪ್ರಿಲ್, ಮೇ ಅಂದರೆ ಮದುವೆ, ಊರಿನ ಹಬ್ಬ, ಹಾಕಿ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದ ಕೊಡವ ಕುಟುಂಬಗಳ ಹಾಕಿಗೆ ಈಗ ಮುನ್ನೂರರ ಮೇಲೆ ತಂಡಗಳು ಬರುತ್ತವೆ. ಬೆಂಗಳೂರು, ಮೈಸೂರಿನಿಂದ ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ದಿನಾ ಯಾರಾದರೂ ಸಿಗುತ್ತಾರೆ, ಮಾತಿಗೆ ಬರ ಇಲ್ಲ. ಜೂನ್ ಬಂತು, ಎಲ್ಲ ನಿಂತಿತು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಮೂರು ನಾಲ್ಕು ತಿಂಗಳಲ್ಲೇ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್. ದೊಡ್ಡ ಮನೆಯಲ್ಲಿ ಇಬ್ಬರೇ ವಯಸ್ಸಾದವರು, ಒಂದು ನಾಯಿ. ಎರಡು ತಿಂಗಳು ಊರೆಲ್ಲ ಜೊತೆಗಿದ್ದು ಆಮೇಲೆ ನಾಲ್ಕು ತಿಂಗಳು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕು ಅಂದರೆ ಅದು ಸಣ್ಣ ವಿಷಯ ಅಲ್ಲ. (ಕೆಲವರು ನಗುತ್ತಿದ್ದೀರಿ. ಜಗಳ ಹೆಚ್ಚಾಗುವುದೂ ಅದೇ ತಿಂಗಳುಗಳಲ್ಲಿ, ಗೊತ್ತಿದೆ.)

ಮಳೆ ಒಂದೇ ಅಲ್ಲ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು. ಅದು ಬಂದರೆ ಅದರ ಹಿಂದೆಯೇ ಬರಬೇಕಾದ, ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಕಾಯುವುದು. ಡಿಸೆಂಬರ್‌ನಲ್ಲಿ ಕಣದ ತುಂಬ ಕಾಫಿ ಹರಡಿರುವಾಗ ಮೋಡ ಕವಿದರೆ ಹೊಟ್ಟೆಯೊಳಗೆ ಆಗುವ ಸಂಕಟ. ಆಳು ಸಿಗುವುದಿಲ್ಲ. ಆನೆ ಬರುತ್ತದೆ. ಸಾಲದ ಕಂತು ಮಾತ್ರ ದಿನ ತಪ್ಪುವುದಿಲ್ಲ. ಇದೆಲ್ಲ ಕಾಯಿಲೆ ಅಲ್ಲ, ಬದುಕು. ಆದರೆ ಬದುಕಿನ ಕಷ್ಟ ಯಾವಾಗ ಕಾಯಿಲೆಯ ಕಡೆ ತಿರುಗುತ್ತದೆ ಎಂದು ಗೊತ್ತಿರಬೇಕು.

ಸಿದ್ದಾಪುರ ಕಡೆಯ ಒಬ್ಬ ಬೆಳೆಗಾರರು ಎಂದು ಇಟ್ಟುಕೊಳ್ಳಿ. ಐವತ್ತೈದರ ಆಸುಪಾಸು. ಎದೆ ಉರಿ, ಹೊಟ್ಟೆ ಉಬ್ಬರ ಎಂದು ವರ್ಷ ಪೂರ್ತಿ ಆಸ್ಪತ್ರೆಗೆ ಅಲೆದಿದ್ದರು. ಇಸಿಜಿ ಆಯ್ತು, ಎಂಡೋಸ್ಕೋಪಿ ಆಯ್ತು, ಎಲ್ಲ ನಾರ್ಮಲ್. ಹೆಂಡತಿ ಬಲವಂತವಾಗಿ ನನ್ನ ಹತ್ತಿರ ಕರೆತಂದರು. ಮೊದಲ ಅರ್ಧ ಗಂಟೆ ಬರೀ ಗ್ಯಾಸಿನ ಮಾತು. ಆಮೇಲೆ ರಾತ್ರಿ ಹೇಗೆ ಕಳೆಯುತ್ತೀರಿ ಎಂದು ಕೇಳಿದೆ.

ಹತ್ತಕ್ಕೆ ಮಲಗುತ್ತಾರೆ, ಮೂರಕ್ಕೆ ಎಚ್ಚರ. ಮೊದಲು ಕಿವಿ ಕೊಡುತ್ತಾರೆ, ಬಾಳೆ ಮುರಿಯುವ ಸದ್ದು ಕೇಳುತ್ತದಾ ಎಂದು. ನಾಯಿ ಬೊಗಳಿದರೆ ಟಾರ್ಚ್ ಹಿಡಿದು ಕಿಟಕಿಗೆ. ಆನೆ ಇಲ್ಲ ಎಂದು ಖಾತ್ರಿಯಾದ ಮೇಲೆ ಮೊಬೈಲ್. ಬೆಳೆಗಾರರ ಗ್ರೂಪಿನಲ್ಲಿ ಯಾರ ತೋಟಕ್ಕೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು) ಮಳೆ ಎಂದು ಹಾಕಿರುತ್ತಾರಲ್ವಾ, ಸಂಜೆ ಓದಿದ್ದನ್ನೇ ಮತ್ತೆ ಓದುವುದು. ಆಮೇಲೆ ಹವಾಮಾನ, ಕಾಫಿ ರೇಟ್, ಬ್ಯಾಂಕಿನ ಮೆಸೇಜ್. ನಾಲ್ಕೂವರೆಗೆ ಎದ್ದು ಕಾಫಿ. ಬೆಳಿಗ್ಗೆ ತೋಟದ ಲೆಕ್ಕ ನೋಡುವ ರೈಟರ್ ಮೇಲೆ ಸಿಡುಕು. ಮಧ್ಯಾಹ್ನ ಊಟ ಸೇರುವುದಿಲ್ಲ. ಸಂಜೆ ಎರಡು ಪೆಗ್. "ಅದಿಲ್ಲದಿದ್ದರೆ ನಿದ್ದೆ ಬರಲ್ಲ ಮೇಡಂ." ಅಷ್ಟರಲ್ಲಿ ಹೆಂಡತಿ ಬಾಯಿ ಹಾಕಿದರು: "ಈ ವರ್ಷ ಹಾಕಿಗೆ ಒಂದು ದಿನವೂ ಹೋಗಲಿಲ್ಲ ಇವರು. ಮನೆತನದ ಮ್ಯಾಚಿಗೂ." ಅವರು ತಲೆ ತಗ್ಗಿಸಿದರು.

ಅವತ್ತು ನನಗೆ ಬೇಕಿದ್ದ ಮಾತು ಅದೇ. ಗ್ಯಾಸಿಗಿಂತ, ಮೂರು ಗಂಟೆಯ ಎಚ್ಚರಕ್ಕಿಂತ ದೊಡ್ಡ ಸುಳಿವು ಅದು. ಜೀವನಪೂರ್ತಿ ಇಷ್ಟಪಟ್ಟಿದ್ದು ಇದ್ದಕ್ಕಿದ್ದ ಹಾಗೆ ಬೇಡ ಅನ್ನಿಸುವುದು. ಖಿನ್ನತೆ ಅಂದರೆ ಅಳುತ್ತಾ ಕೂರುವುದು ಎಂದು ನಾವು ತಿಳಿದಿದ್ದೇವೆ. ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ, ಕುಡಿತವಾಗಿ, ಮೈಕೈ ನೋವಾಗಿ ಬರುತ್ತದೆ. ಹೆಂಗಸರಲ್ಲಿ ತಲೆನೋವು, ಸುಸ್ತು, ಬೆನ್ನುನೋವು. ನೋವು ಸುಳ್ಳಲ್ಲ, ನಾಟಕ ಅಲ್ಲ. ಹೊಟ್ಟೆಗೂ ಮಿದುಳಿಗೂ ನರಗಳ ನೇರ ಸಂಪರ್ಕ ಇದೆ. ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಥೈರಾಯ್ಡ್ ಕಮ್ಮಿಯಾದರೆ, ರಕ್ತ ಕಮ್ಮಿಯಾದರೆ, ಬಿ12 ಕಮ್ಮಿಯಾದರೆ ಇದೇ ಥರ ಸುಸ್ತು, ಮಂಕು ಬರುತ್ತದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದೂ ಮಂಕು ಹೋಗದಿದ್ದರೆ ನಮ್ಮ ಕಡೆ ಬನ್ನಿ.

ಆ ಎರಡು ಪೆಗ್ಗಿನ ವಿಷಯಕ್ಕೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮೂರಲ್ಲಿ ಬಂದವರಿಗೆ ಗ್ಲಾಸ್ ಕೊಡುವುದು ಮರ್ಯಾದೆ ಎಂದು ನನಗೂ ಗೊತ್ತು. ಮದುವೆ ಮನೆಯ ವಿಷಯ ಬೇರೆ. ನಿದ್ದೆಗೆ ಎಂದು ದಿನಾ ಕುಡಿಯುವುದು ಬೇರೆ. ಮದ್ಯ ಬೇಗ ನಿದ್ದೆ ಹಿಡಿಸುತ್ತದೆ, ನಿಜ. ಅದರ ಪ್ರಭಾವ ಇಳಿಯುತ್ತಿದ್ದ ಹಾಗೆ ನಿದ್ದೆಯ ಎರಡನೇ ಅರ್ಧವನ್ನು ಒಡೆದು ಹಾಕುತ್ತದೆ. ಅಂದರೆ ಮೂರು ಗಂಟೆಗೆ ಎಬ್ಬಿಸುವುದರಲ್ಲಿ ಆ ಪೆಗ್ಗಿನ ಪಾಲೂ ಇದೆ. ಎಚ್ಚರವಾಯಿತೆಂದು ಬೆಳಿಗ್ಗೆ ಜಾಸ್ತಿ ಕಾಫಿ, ಕಾಫಿಯಿಂದ ನಿದ್ದೆ ಬರಲಿಲ್ಲವೆಂದು ಸಂಜೆ ಪೆಗ್. ಕಾಫಿ ಬೆಳೆಯುವ ಊರಿನಲ್ಲಿ ಕಾಫಿ ಬಿಡಿ ಎಂದರೆ ನನ್ನನ್ನು ಈ ವೇದಿಕೆಯಿಂದ ಇಳಿಸುತ್ತೀರಿ. ಅಷ್ಟು ಹೇಳುವುದಿಲ್ಲ. ಮಧ್ಯಾಹ್ನ ಎರಡರ ಮೇಲೆ ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಅದರಲ್ಲೂ ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡರಷ್ಟು ಕೆಫೀನ್ ಇದೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುತ್ತಿದ್ದವರು ಯಾರದೋ ಮಾತು ಕೇಳಿ ಒಂದೇ ದಿನಕ್ಕೆ ನಿಲ್ಲಿಸಬಾರದು. ಕೈ ನಡುಕ, ಬೆವರು, ಎರಡು ಮೂರು ದಿನದಲ್ಲಿ ಫಿಟ್ಸ್, ಇಲ್ಲದ್ದು ಕಾಣುವುದು, ಇವೆಲ್ಲ ಬರಬಹುದು. ಜೀವಕ್ಕೂ ಅಪಾಯ. ಡಾಕ್ಟರ್ ನೋಡಿಕೊಳ್ಳುವಾಗ ಬಿಡಬೇಕು.

ನಿದ್ದೆಗೆ ನಾನು ಹೇಳುವುದು ಸರಳ. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಇಪ್ಪತ್ತು ನಿಮಿಷ ಹೊರಳಾಡಿದ ಮೇಲೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂರಿ, ಮೊಬೈಲ್ ಇಲ್ಲದೆ. ತೂಕಡಿಕೆ ಬಂದಾಗ ವಾಪಸ್ ಹೋಗಿ. ಬೆಳಿಗ್ಗೆ ಅಡುಗೆಮನೆಯ ಬಲ್ಬಿನ ಕೆಳಗೆ ಕೂರುವ ಬದಲು ಜಗಲಿಗೆ ಬನ್ನಿ. ಮೋಡ ಕವಿದ ದಿನವೂ ಹೊರಗಿನ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ದೇಹದೊಳಗಿನ ಗಡಿಯಾರ ಆ ಬೆಳಕನ್ನು ನೋಡಿಯೇ ಹಗಲು ರಾತ್ರಿ ಲೆಕ್ಕ ಹಾಕುತ್ತದೆ.

ಇನ್ನು ಯೋಚನೆ. "ಯೋಚನೆ ಮಾಡಬೇಡಿ" ಅಂದರೆ ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಆ ಬೆಳೆಗಾರರಿಗೆ ನಾನು ಒಂದು ನೋಟ್‌ಬುಕ್ ತರಲು ಹೇಳಿದೆ. ಸಂಜೆ ಐದರಿಂದ ಅರ್ಧ ಗಂಟೆ ಬರೀ ಚಿಂತೆಗೆ. ಪುಟದ ಮಧ್ಯೆ ಗೆರೆ. ಈ ಕಡೆ ನಾಳೆ ನಾನು ಮಾಡಬಹುದಾದದ್ದು, ಆ ಕಡೆ ನನ್ನ ಕೈಯಲ್ಲಿ ಇಲ್ಲದ್ದು. ಮೊದಲ ದಿನದ ಪುಟ ತೋರಿಸಿದರು. ಆ ಕಡೆ: ಮಳೆ, ರೇಟು, ಆನೆ, ಮಗಳ ಮದುವೆ. ಈ ಕಡೆ: ಬ್ಯಾಂಕ್ ಮ್ಯಾನೇಜರ್ ಹತ್ತಿರ ಮಾತಾಡುವುದು, ಮೋಟರ್ ರಿಪೇರಿ. ಎರಡೇ. "ಇಷ್ಟೇನಾ ಅನ್ನಿಸ್ತು" ಅಂದರು. ಮೂರು ಗಂಟೆಗೆ ಎಚ್ಚರವಾದಾಗ "ಇದು ಪುಸ್ತಕದಲ್ಲಿದೆ, ಸಂಜೆ ನೋಡೋಣ" ಎಂದು ಹೇಳಿಕೊಳ್ಳುವುದು ಅಭ್ಯಾಸವಾಗಲು ಅವರಿಗೆ ಸುಮಾರು ದಿನ ಬೇಕಾಯಿತು. ಜೊತೆಗೆ ಮನೋವೈದ್ಯರ ಮಾತ್ರೆಯೂ ಬೇಕಾಯಿತು. ಪುಸ್ತಕದಿಂದಲೇ ಗುಣವಾಯಿತು ಎಂದು ಕಥೆ ಕಟ್ಟುವುದಿಲ್ಲ.

ಈಗ ನನಗೆ ಸಿಟ್ಟು ಬರಿಸುವ ಒಂದು ಮಾತು. "ಗಟ್ಟಿಯಾಗಿರು." ಯಾರಾದರೂ ಬಾಯಿಬಿಟ್ಟು ಕಷ್ಟ ಹೇಳಿಕೊಂಡರೆ ನಾವು ಮೊದಲು ಹೇಳುವುದು ಅದೇ. "ನಿಂಗೇನು ಕಮ್ಮಿ? ತೋಟ ಇದೆ, ಮನೆ ಇದೆ." ಅಲ್ಲಿಗೆ ಅವರ ಬಾಯಿ ಮುಚ್ಚಿತು. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ಹೇಳಿ ಮಕ್ಕಳನ್ನು ಬೆಳೆಸಿದ ಜಿಲ್ಲೆ ನಮ್ಮದು. ಹೆಮ್ಮೆ ಪಡೋಣ. ಆದರೆ ಇಲ್ಲಿ ಕೂತಿರುವ ನಿವೃತ್ತ ಫೌಜಿಗಳನ್ನು ಕೇಳಿ ನೋಡಿ. ಸೇನೆಯಲ್ಲಿ ಯಾರನ್ನೂ ಒಂಟಿಯಾಗಿ ಗಟ್ಟಿಯಾಗಿರು ಎಂದು ಬಿಡುವುದಿಲ್ಲ. ಪ್ರತಿ ಜವಾನನಿಗೂ ಒಬ್ಬ ಬಡ್ಡಿ ಇರುತ್ತಾನೆ, ಜೋಡಿ ಸಿಪಾಯಿ. ಅವನು ಊಟ ಬಿಟ್ಟರೆ ಇವನಿಗೆ ಗೊತ್ತಾಗುತ್ತದೆ, ರಾತ್ರಿ ಕಿರುಚಿಕೊಂಡರೆ ಇವನಿಗೆ ಕೇಳುತ್ತದೆ. ಅದೇ ಮನುಷ್ಯ ಪಿಂಚಣಿ ತೆಗೆದುಕೊಂಡು ಊರಿಗೆ ಬಂದು ಒಂಟಿ ಮನೆಯಲ್ಲಿ ಕೂತ ಮೇಲೆ ಜೋಡಿ ಯಾರು? ಧೈರ್ಯ ಮನುಷ್ಯನೊಳಗೆ ಎಷ್ಟಿತ್ತೋ, ಪಕ್ಕದಲ್ಲಿದ್ದವನಿಂದಲೂ ಅಷ್ಟೇ ಬರುತ್ತಿತ್ತು. ಈ ಮಳೆಗಾಲಕ್ಕೆ ನಿಮ್ಮ ಬಡ್ಡಿ ಯಾರು ಎಂದು ಈಗಲೇ ಗೊತ್ತುಮಾಡಿಕೊಳ್ಳಿ. ವಾರಕ್ಕೆ ಎರಡು ಸಲ ಫೋನ್, ಮಳೆ ಹೊಳವಾದ ದಿನ ಒಬ್ಬರ ಮನೆಗೆ ಒಬ್ಬರು. ಕೆಲಸ ಇದ್ದರೆ ಮಾತ್ರ ಹೋಗುವುದು ಎಂದು ಇಟ್ಟುಕೊಂಡರೆ ಯಾವತ್ತೂ ಹೋಗುವುದಿಲ್ಲ.

ಮಳೆ ಎಂದಾಗ 2018ನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. 2019ರ ಆಗಸ್ಟ್‌ನಲ್ಲಿ ತೋರ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮನೆ ಕಳೆದುಕೊಂಡವರಿಗೆ ಜಂಬೂರು, ಮದೆ ಕಡೆ ಹೊಸ ಮನೆ ಸಿಕ್ಕಿತು. ಆದರೆ ಜೋರು ಮಳೆಯ ರಾತ್ರಿ ಹೊಸ ಮನೆಯಲ್ಲೂ ಹಳೇ ಸದ್ದೇ ಕೇಳುವವರು ಇದ್ದಾರೆ. ನನಗೆ ಗೊತ್ತಿರುವ ಒಬ್ಬ ತಾಯಿ ಜುಲೈ ಬಂದರೆ ಚೀಲ ಕಟ್ಟಿಡುತ್ತಾರೆ: ಆಧಾರ್, ಪಹಣಿ, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್, ಟಾರ್ಚ್. ಚಪ್ಪಲಿ ಬಾಗಿಲ ಹತ್ತಿರ, ಮುಂಭಾಗ ಹೊರಗಡೆಗೆ ತಿರುಗಿಸಿ. ಮನೆಯವರು ತಮಾಷೆ ಮಾಡುತ್ತಾರೆ. ನಾನು ಮಾಡುವುದಿಲ್ಲ. ಚೀಲ ಕಟ್ಟಿಡುವುದು ಬುದ್ಧಿವಂತಿಕೆ, ನೀವೂ ಕಟ್ಟಿಡಿ. ಆದರೆ ಅವರು ಮೂರು ತಿಂಗಳು ಸೀರೆ ಬಿಚ್ಚಿ ನೈಟಿ ಹಾಕಿ ಮಲಗುವುದಿಲ್ಲ, ಓಡಬೇಕಾದರೆ ಎಂದು. ಮಗ ಶಾಲೆಯಿಂದ ಹತ್ತು ನಿಮಿಷ ತಡವಾದರೆ ಕೈಕಾಲು ತಣ್ಣಗಾಗುತ್ತದೆ. ಅದು ಎಚ್ಚರಿಕೆ ಅಲ್ಲ, ಗಾಯ. ಅದಕ್ಕೆ ಚಿಕಿತ್ಸೆ ಇದೆ, ವರ್ಷಗಳಾದ ಮೇಲೂ ಕೆಲಸ ಮಾಡುತ್ತದೆ.

ಅಂಥವರು ಮನೆಯಲ್ಲಿದ್ದರೆ ಮಳೆಗೆ ಮೊದಲೇ ಕೂತು ತೀರ್ಮಾನ ಮಾಡಿ. ಎಲ್ಲಿಗೆ ಹೋಗುವುದು, ಯಾವ ದಾರಿ, ಯಾರು ಅಜ್ಜಿಯನ್ನು ಕರೆದುಕೊಳ್ಳುವುದು, ಯಾವ ಎಚ್ಚರಿಕೆ ಬಂದರೆ ಹೊರಡುವುದು. ಒಂದು ಸಲ ತೀರ್ಮಾನವಾದರೆ ಪ್ರತಿ ರಾತ್ರಿ ಹೊಸದಾಗಿ ಯೋಚಿಸಬೇಕಿಲ್ಲ. ಹವಾಮಾನ ಸುದ್ದಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಜಿಲ್ಲಾಡಳಿತ ಹೇಳಿದ್ದು ಮಾತ್ರ. ವಾಟ್ಸಾಪಿನಲ್ಲಿ ಬರುವ ಗುಡ್ಡ ಕುಸಿಯುವ ವಿಡಿಯೊಗಳನ್ನು ನೋಡಬೇಡಿ, ಕಳಿಸಬೇಡಿ. 2024ರ ಜುಲೈನಲ್ಲಿ ವಯನಾಡಿನಲ್ಲಿ ಆದಾಗ ಇಲ್ಲಿಯ ಎಷ್ಟು ಮನೆಗಳಲ್ಲಿ ನಿದ್ದೆ ಹೋಯಿತು ಎಂದು ನಾನು ನೋಡಿದ್ದೇನೆ. ಪಕ್ಕದ ಜಿಲ್ಲೆಯ ದುಃಖ ನಮ್ಮದೂ ಹೌದು. ಆದರೆ ಅದೇ ವಿಡಿಯೊವನ್ನು ಇಪ್ಪತ್ತು ಸಲ ನೋಡಿದರೆ ಅಲ್ಲಿಯವರಿಗೆ ಏನೂ ಸಹಾಯ ಆಗುವುದಿಲ್ಲ.

ಕಾಲೇಜಿಗೆ ಹೋಗುವ ಮಕ್ಕಳ ವಿಷಯ ಒಂದು ಹೇಳಬೇಕು. ಕುಶಾಲನಗರದಿಂದ ಮಡಿಕೇರಿಗೆ ದಿನಾ ಬಸ್ಸಿನಲ್ಲಿ ಹೋಗುವ ಹುಡುಗಿ. ಆನೆಕಾಡು ದಾಟಿದ ಮೇಲೆ ಒಂದು ದಿನ ಎದೆ ಡವಡವ, ಉಸಿರು ಸಿಗದ ಹಾಗೆ, ಬೆರಳೆಲ್ಲ ಜೋಮು. ಸತ್ತೇ ಹೋಗುತ್ತೇನೆ ಅನ್ನಿಸಿ ಸುಂಟಿಕೊಪ್ಪದಲ್ಲಿ ಇಳಿದುಬಿಟ್ಟಳು. ಇಳಿದ ಮೇಲೆ ಸರಿಹೋಯಿತು. ಮರುದಿನ ಬಸ್ ಹತ್ತಲು ಭಯ. ವಾರ ಕಳೆಯುವಾಗ ಕಾಲೇಜೇ ಬೇಡ. ಮನೆಯಲ್ಲಿ "ಓದು ಕಷ್ಟ ಅಂತ ಸೋಗು" ಅಂದರು. ಸೋಗಲ್ಲ, ಅದು ಪ್ಯಾನಿಕ್ ಅಟ್ಯಾಕ್. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ, ಅದರಿಂದಲೇ ಜೋಮು, ತಲೆಸುತ್ತು. ಸುಮಾರು ಹತ್ತು ನಿಮಿಷದಲ್ಲಿ ಏರಿ ತಾನೇ ಇಳಿಯುತ್ತದೆ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ನಿಧಾನ ಹೊರಗೆ. ಅವಳು ಗೆಳತಿಯ ಜೊತೆ ಮೊದಲು ಸುಂಟಿಕೊಪ್ಪದವರೆಗೆ ಹೋಗಿ ಬಂದಳು, ಅದು ಸುಲಭವಾದ ಮೇಲೆ ಮಡಿಕೇರಿವರೆಗೆ, ಆಮೇಲೆ ಒಬ್ಬಳೇ. ಭಯ ಪಟ್ಟ ಜಾಗವನ್ನು ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಆದರೆ ನಲವತ್ತು ದಾಟಿದವರಿಗೆ ಮೊದಲ ಸಲ ಎದೆ ಹಿಡಿದುಕೊಂಡರೆ ಇದು ಪ್ಯಾನಿಕ್ ಎಂದು ನೀವೇ ತೀರ್ಪು ಕೊಡಬೇಡಿ, ಆಸ್ಪತ್ರೆಗೆ ಹೋಗಿ.

ಡಾಕ್ಟರ್ ಹತ್ತಿರ ಹೋಗುವುದು ಯಾವಾಗ? ದಿನದ ಹೆಚ್ಚು ಹೊತ್ತು, ಹೆಚ್ಚುಕಮ್ಮಿ ಪ್ರತಿದಿನ, ಎರಡು ವಾರ. ಮಂಕು, ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಕೆಲಸ ಸಾಗುತ್ತಿಲ್ಲ. ಎರಡು ವಾರ ಸಾಕು, ಪುತ್ತರಿವರೆಗೆ ಕಾಯಬೇಡಿ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕ ಹಾಗೆ ಅವರಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಹಾಲಿನಲ್ಲಿ ನೂರಕ್ಕೂ ಜಾಸ್ತಿ ಜನ ಇದ್ದೀರಿ, ಲೆಕ್ಕ ನೀವೇ ಹಾಕಿಕೊಳ್ಳಿ.

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ದೇಶಕ್ಕೆಲ್ಲ ಆ ಕಾರ್ಯಕ್ರಮದ ಮಾದರಿ ಹೋಗಿದ್ದು ನಮ್ಮ ರಾಜ್ಯದ ಬಳ್ಳಾರಿಯಿಂದಲೇ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಎಂಬ ಏರ್ಪಾಡು ರಾಜ್ಯದಲ್ಲಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಾತ್ರೆ ಬಗ್ಗೆ ತುಂಬಾ ಭಯ ಇದೆ. ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಕೆಲಸ ಶುರುವಾಗಲು ಎರಡರಿಂದ ನಾಲ್ಕು ವಾರ ಬೇಕು. ಗಿಡಕ್ಕೆ ಗೊಬ್ಬರ ಹಾಕಿ ಮರುದಿನವೇ ಚಿಗುರು ನೋಡಲು ಹೋಗುತ್ತೀರಾ? ಐದು ದಿನ ನುಂಗಿ ಏನೂ ಆಗಲಿಲ್ಲ ಎಂದು ಎಸೆಯುವವರೇ ಜಾಸ್ತಿ. ಇನ್ನು ಕೆಲವರು ಆರಾಮಾಯಿತು ಎಂದು ತಾವೇ ನಿಲ್ಲಿಸುತ್ತಾರೆ, ಎರಡು ತಿಂಗಳಲ್ಲಿ ವಾಪಸ್. ಆರಾಮಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಡಾಕ್ಟರ್ ನಿಧಾನವಾಗಿ ಇಳಿಸುತ್ತಾರೆ. ಚಟವಾಗುವ ಭಯ ಇರುವುದು ಕೆಲವು ನಿದ್ದೆ ಮಾತ್ರೆಗಳಲ್ಲಿ. ಪಕ್ಕದ ಮನೆಯ ಅಕ್ಕ ಕೊಟ್ಟರು ಎಂದು ಅದನ್ನು ಮಾತ್ರ ಯಾರೂ ಭಯಪಡದೆ ನುಂಗುತ್ತಾರೆ!

ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಕೆಲಸ. ಜೂನ್ ಮೊದಲ ವಾರದೊಳಗೆ ಡಾಕ್ಟರ್ ಹತ್ತಿರ ಹೋಗಿ ಮಳೆಗಾಲಕ್ಕೆ ಎಷ್ಟು ದಿನದ್ದು ಇಟ್ಟುಕೊಳ್ಳಬಹುದು ಎಂದು ಕೇಳಿ. ಅಕ್ಕಿ, ಸೌದೆ, ಒಣಮೀನು ಎಲ್ಲ ತಂದಿಡುತ್ತೇವಲ್ವಾ. ರಸ್ತೆ ಬಂದ್ ಆಗಿ ಹತ್ತು ದಿನ ಮಾತ್ರೆ ತಪ್ಪಿತು ಎಂದು ಬರುವವರು ಪ್ರತಿ ಆಗಸ್ಟ್‌ನಲ್ಲೂ ಇರುತ್ತಾರೆ.

ಇನ್ನೊಂದು ವಿಷಯ, ಇದನ್ನು ಬೇಗ ಹೇಳಿ ಮುಗಿಸುವುದಿಲ್ಲ. ಮನೆಯಲ್ಲಿ ಯಾರಾದರೂ "ನಾನಿದ್ದು ಏನು ಪ್ರಯೋಜನ", "ಎಲ್ಲರಿಗೂ ಭಾರ" ಎಂದು ಹೇಳತೊಡಗಿದರೆ, ಸಾಮಾನು, ಹಣ, ಕಾಗದಪತ್ರ ಹಂಚತೊಡಗಿದರೆ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಾ ಇದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬುತ್ತೇವೆ ಎಂಬ ಭಯ ಬೇಡ. ಹಾಗಾಗುವುದಿಲ್ಲ. ಕೇಳಿದವರ ಎದುರು ಎಷ್ಟೋ ಜನ ಮೊದಲ ಸಲ ಅತ್ತು ಹಗುರವಾಗುತ್ತಾರೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ಇದೆ. ಇಲ್ಲಿ ಕೋವಿ ಇರುವ ಮನೆ ಜಾಸ್ತಿ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, ಆಯುಧಗಳ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಪೂಜೆ ಮಾಡುತ್ತೇವೆ. ಅದರ ಗೌರವಕ್ಕೆ ಧಕ್ಕೆ ತರುವ ಮಾತಲ್ಲ ಇದು. ಮನೆಯಲ್ಲಿ ಒಬ್ಬರ ಮನಸ್ಸು ಸರಿಯಿಲ್ಲದಿರುವಾಗ ಕೋವಿ ಆ ಮನೆಯಲ್ಲಿ ಇರುವುದು ಬೇಡ. ಕಾನೂನಿನ ಪ್ರಕಾರ ಎಲ್ಲಿ ಇಡಬಹುದು ಎಂದು ಠಾಣೆಯಲ್ಲಿ ವಿಚಾರಿಸಿ, ಸ್ವಲ್ಪ ಕಾಲ ಹೊರಗೆ ಇಡಿ. ತೋಟದ ಔಷಧಿಗೆ ಬೀಗ, ಬೀಗದ ಕೈ ಬೇರೆಯವರ ಹತ್ತಿರ. ಸಾಯಬೇಕೆಂಬ ತೀವ್ರ ಒತ್ತಡ ಎಷ್ಟೋ ಸಲ ಸ್ವಲ್ಪ ಹೊತ್ತಿನದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ತೀರಾ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಶ್ರೀಲಂಕಾದಲ್ಲಿ ಆತ್ಮಹತ್ಯೆಗಳು ತುಂಬಾ ಇಳಿದವು.

ಪೊಲೀಸ್ ಕೇಸ್ ಆಗುತ್ತದೆ ಎಂದು ಆಸ್ಪತ್ರೆಗೆ ತರದೆ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ. ಶಿಕ್ಷೆ ಕೊಡುತ್ತಿದ್ದ ಐಪಿಸಿಯ 309ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಹೆದರಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ತೋಟದ ಮಾಲೀಕರಿಗೆ ಒಂದು ಮಾತು. ನಾನು ಇಲ್ಲಿಯವರೆಗೆ ಹೇಳಿದ್ದು ಜಾಸ್ತಿ ಬಂಗಲೆ, ಮನೆಗಳ ವಿಷಯ. ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ ಇರುವವರಿಗೂ ಮನಸ್ಸಿದೆ. ಮುಂಜಾನೆ ಆನೆ ಇರುವ ದಾರಿಯಲ್ಲಿ ಕೆಲಸಕ್ಕೆ ಬರುವವರು ಅವರು. ಅಸ್ಸಾಮಿನಿಂದ ಬಂದವರಿಗೆ ಇಲ್ಲಿಯ ಭಾಷೆಯೂ ಇಲ್ಲ. ಕೆಲಸಕ್ಕೆ ಎರಡು ದಿನ ಬಾರದಿದ್ದರೆ ಸಂಬಳ ಹಿಡಿಯುವ ಮೊದಲು ಮೇಸ್ತ್ರಿಯನ್ನು ಕಳಿಸಿ, ಏನಾಯಿತು ಎಂದು ಕೇಳಿಸಿ.

ಇನ್ನು ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು, ದೇವಸ್ಥಾನಕ್ಕೆ ಹರಕೆ ಹೊತ್ತಿದ್ದೇವೆ, ಈಗ ಮಾತ್ರೆ ತೆಗೆದುಕೊಂಡರೆ ದೇವರನ್ನು ನಂಬಲಿಲ್ಲ ಎಂದಾಗುತ್ತದಾ? ಇಲ್ಲ ಮಾವ. ಬಿಪಿ ಮಾತ್ರೆ ನುಂಗಿಕೊಂಡೇ ತಲಕಾವೇರಿಗೆ ಹೋಗುತ್ತೇವಲ್ಲ. ಹರಕೆ ತೀರಿಸಿ, ಮಾತ್ರೆಯನ್ನೂ ನುಂಗಿ. ಆದರೆ ಮಾತ್ರೆ ಬಿಡಿ, ಹೊಡೆದು ಬಿಡಿಸುತ್ತೇನೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಇನ್ನೊಬ್ಬ ತಾಯಿ ಕೇಳಿದ್ದು: "ಮಗ ಬೆಂಗಳೂರಿನಿಂದ ದಿನಾ ಫೋನ್ ಮಾಡಿ ಚೆನ್ನಾಗಿದ್ದೀರಾ ಅಂತಾನೆ. ಚೆನ್ನಾಗಿದ್ದೇವೆ ಅಂತೀನಿ. ಬೇರೆ ಏನು ಹೇಳಲಿ, ಅವನಿಗೆ ಅಲ್ಲಿ ಅವನದ್ದೇ ಸಾವಿರ ಇದೆ." ಅಕ್ಕಾ, ದಿನಾ ಒಂದು ಸಣ್ಣ ನಿಜ ಹೇಳಿ. "ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ", "ಇವತ್ತು ಯಾಕೋ ಅಡುಗೆ ಮಾಡಲು ಮನಸ್ಸೇ ಇಲ್ಲ" ಅಷ್ಟು ಸಾಕು. ಮಕ್ಕಳೂ ಅಷ್ಟೇ, ಚೆನ್ನಾಗಿದ್ದೀರಾ ಎಂದು ಕೇಳಿದರೆ ಚೆನ್ನಾಗಿದ್ದೇವೆ ಎಂದೇ ಉತ್ತರ ಬರುತ್ತದೆ. ಏನು ತಿಂದಿರಿ, ಎಷ್ಟು ಹೊತ್ತಿಗೆ ಎಚ್ಚರವಾಯಿತು, ಇವತ್ತು ಯಾರ ಹತ್ತಿರ ಮಾತಾಡಿದಿರಿ ಎಂದು ಕೇಳಬೇಕು.

ಕೊನೆಯದಾಗಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ ಎಂದು ಎಲ್ಲ ಕಡೆ ಹಾಕಿರುತ್ತಾರೆ, ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕೇ ಇರಲ್ಲ, ಏನು ಮಾಡುವುದು? ಸರಿಯಾದ ಪ್ರಶ್ನೆ. ನಂಬರ್ 14416. ಅದು ಹೋಗದಿದ್ದರೆ 1800 891 4416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಗೇಟಿನ ಹತ್ತಿರವೋ, ಮೇಲಿನ ತೋಟದ ಬಂಡೆ ಹತ್ತಿರವೋ. ತೀರಾ ಒತ್ತಡದಲ್ಲಿ ಇರುವವರು ಮಳೆಯಲ್ಲಿ ಅಲ್ಲಿಯವರೆಗೆ ನಡೆಯುವುದಿಲ್ಲ. ಅವರ ಪರವಾಗಿ ನೀನು ಹೋಗಿ ಮಾಡು. ಮನೆಯವರು ಮಾಡಿದರೂ ಏನು ಮಾಡಬೇಕೆಂದು ಹೇಳುತ್ತಾರೆ. ಯಾರ ಮನೆಯಲ್ಲಿ ಲ್ಯಾಂಡ್‌ಲೈನ್ ಅಥವಾ ವೈಫೈ ಇದೆ ಎಂದು ಈ ವಾರವೇ ನೋಡಿಕೊಂಡು, ಅವರ ಹತ್ತಿರ ಮೊದಲೇ ಹೇಳಿಡು: ರಾತ್ರಿ ಯಾವಾಗ ಬಂದು ಬಾಗಿಲು ತಟ್ಟಿದರೂ ಯಾಕೆ ಎಂದು ಕೇಳಬೇಡಿ ಎಂದು.